ಬಾಂದ್ರಾದ ಬೀದಿಯಲ್ಲಿ ಟಿಕೆಟಿಲ್ಲದ ಚಿತ್ರಶಾಲೆ

ಮುಂಬಯಿಯಲ್ಲಿ ಮೂವತ್ತು ವರ್ಷ ದುಡಿದು ಊರಿಗೆ ಮರಳಿದ ನಮ್ಮವರೊಬ್ಬರನ್ನು, ‘ಬಾಂದ್ರಾ ಹೇಗಿದೆ?’ ಎಂದು ಯಾರಾದರೂ ಕೇಳಿದರೆ ದೊರೆಯುವ ಉತ್ತರವೇನು? ಸ್ಟೇಶನ್ನಿನಿಂದ ಹೊಟೇಲಿಗಿರುವ ದಾರಿ, ಹೊಟೇಲಿನಿಂದ ತರಕಾರಿ ಮಾರುಕಟ್ಟೆಗಿರುವ ದಾರಿ, ಮಳೆಗಾಲದಲ್ಲಿ ನೀರು ನಿಲ್ಲುವ ತಾಣ, ಬೆಳಗಿನ ಹಾಲು ಬರುವ ಹೊತ್ತು – ಇವನ್ನೆಲ್ಲ ಅವರು ಕಣ್ಣು ಮುಚ್ಚಿ ಹೇಳಬಲ್ಲರು. ಗುಮಾಸ್ತರನ್ನು ಕೇಳಿದರೆ ಎಷ್ಟು ಗಂಟೆ ಎಷ್ಟು ನಿಮಿಷದ ಗಾಡಿಯಲ್ಲಿ ಕುಳಿತುಕೊಳ್ಳಲು ಸ್ಥಳ ದೊರೆಯುತ್ತದೆ ಎಂಬುದನ್ನು ಕರಾರುವಾಕ್ಕಾಗಿ ತಿಳಿಸಿಯಾರು. ಅದಕ್ಕೂ ಆಚೆಗೆ ಒಂದು ಬಾಂದ್ರಾ ಇದೆ ಎಂಬುದು ಮಾತ್ರ ಅವರ ಗಮನಕ್ಕೆ ಬಂದಿರುವುದಿಲ್ಲ.

ಇದು ಆಕ್ಷೇಪಣೆಯ ಮಾತಲ್ಲ. ಹದಿನೈದು ಹದಿನಾರರ ವಯಸ್ಸಿನಲ್ಲಿ ಊರು ಬಿಟ್ಟು ಬಂದು, ಹಗಲು ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಗಳಿಸಿದ್ದರಲ್ಲಿ ಮುಕ್ಕಾಲು ಪಾಲನ್ನು ಮನೆಗೆ ಕಳುಹಿಸಿದ ತಲೆಮಾರುಗಳ ಸಂತಾನ ನಾವು. ನಮ್ಮ ಭಾಷೆಯಲ್ಲಿ ‘ಊರು’ ಎಂದರೆ ಕುಂದಾಪುರ, ಕಾಪು, ಕಾರ್ಕಳ, ಕುಮಟೆ. ಮುಂಬಯಿ ಎಂದರೆ ಕೆಲಸದ ಸ್ಥಳ. ಆದರೆ ಆಯುಷ್ಯದ ನಲುವತ್ತು ವರ್ಷಗಳನ್ನು ಒಂದು ಕಡೆ ಕಳೆದು, ಅದನ್ನು ತನ್ನದೆಂದು ಒಮ್ಮೆಯೂ ನೋಡದೆ ಹೊರಟುಹೋಗುವುದು ನಷ್ಟದ ವ್ಯಾಪಾರವೆಂದು ಲೆಕ್ಕಪತ್ರ ಬಲ್ಲ ನಮ್ಮವರಿಗೆ ಬಿಡಿಸಿ ಹೇಳಬೇಕೆ? ಈ ನಗರವು ಬೆಲೆ ಕೇಳದೆ ಕೊಡುವ ವಸ್ತುಗಳು ಬಹಳ ಕಡಿಮೆ. ಅವುಗಳಲ್ಲಿ ಬೀದಿಯ ಕಲೆಯೂ ಒಂದು.

‘ಚಿತ್ರ, ಕಲೆ, ಉತ್ಸವಗಳೆಲ್ಲ ದೊಡ್ಡವರ ಹವ್ಯಾಸ, ಅವು ನಮಗಲ್ಲ’ ಎಂಬ ಸಂಕೋಚವನ್ನು ನಾವು ಅನೇಕರ ಬಾಯಿಂದ ಕೇಳಿದ್ದೇವೆ. ಈ ಮಾತು ಕರಾವಳಿಯವರ ಬಾಯಲ್ಲಿ ಬರುವುದು ವಿಚಿತ್ರವೇ ಸರಿ. ಗದ್ದೆಯಲ್ಲಿ ಕೊಯಿಲು ಮುಗಿದೊಡನೆ ಯಾರದೋ ಹರಕೆಯ ಬಯಲಾಟ, ಒಡೆಯನೂ ಒಕ್ಕಲೂ ಒಂದೇ ಬಯಲಿನಲ್ಲಿ ಕುಳಿತು ಬೆಳಗಿನ ತನಕ ನೋಡುವ ಆಟ, ಟಿಕೆಟಿಲ್ಲ, ಬಾಗಿಲಿಲ್ಲ. ಭಾಗವತರು ಪದ ತಪ್ಪಿದರೆ ಮೂಲೆಯಲ್ಲಿ ಕಂಬಳಿ ಹೊದ್ದು ಕುಳಿತ ಅಜ್ಜನಿಗೂ ಅದು ತಿಳಿಯುತ್ತಿತ್ತು. ಅಂಥ ರಸಿಕರ ಮೊಮ್ಮಕ್ಕಳು ಬಾಂದ್ರಾದ ಗೋಡೆಯ ಚಿತ್ರದೆದುರು ನಿಂತು ಅಭಿಪ್ರಾಯ ಹೇಳಲು ಹಿಂಜರಿಯಬೇಕಾದ ಕಾರಣವೇ ಇಲ್ಲ.

ಹೊಟೇಲಿನಲ್ಲಿ ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಗಿರಾಕಿಗಳು ಬರುವ ತನಕ ಎರಡು ಮೂರು ಗಂಟೆಗಳ ಬಿಡುವು ಇರುತ್ತದಲ್ಲವೆ? ಅದರಲ್ಲಿ ಒಂದು ದಿನದ ಬಿಡುವು ಸಾಕು. ಸ್ಟೇಶನ್ನಿನ ಪಶ್ಚಿಮಕ್ಕೆ ಇಳಿದು, ಕೆರೆಯನ್ನು ದಾಟಿ, ಹಿಲ್ ರೋಡಿನಲ್ಲಿ ಬಟ್ಟೆಬರೆ ಮಾರುವವರ ಕೂಗನ್ನು ಹಿಂದಿಟ್ಟು ನಡೆದರೆ ಎಡಗಡೆಗೆ ಚಾಪೆಲ್ ರೋಡ್ ಎಂಬ ಸಣ್ಣ ಬೀದಿಯೊಂದು ಒಡೆಯುತ್ತದೆ. ಮರದ ಜಗಲಿ, ಹೊರಮೆಟ್ಟಿಲು, ಇಳಿಜಾರು ಹಂಚಿನ ಮಾಡುಗಳ ಹಳೆಯ ಮನೆಗಳು. ಒಂದಾನೊಂದು ಕಾಲಕ್ಕೆ ಇದು ರಣವಾರ್ ಎಂಬ ಹಳ್ಳಿಯಾಗಿತ್ತು. ಮಂಗಳೂರು, ಉಡುಪಿಯ ಕಡೆಯವರಿಗೆ ಆ ಮನೆಗಳನ್ನು ಕಂಡೊಡನೆ ಎಲ್ಲಿಯೋ ನೋಡಿದ ನೆನಪಾಗುತ್ತದೆ.

ಈ ಬೀದಿಯ ಗೋಡೆಗಳ ಮೇಲೆ ಚಿತ್ರ ಬರೆದವರಲ್ಲಿ ರಂಜಿತ್ ದಹಿಯಾ ಎಂಬವರ ಹೆಸರು ಮುಖ್ಯವಾದುದು. ಹರಿಯಾಣದ ಹಳ್ಳಿಯವರಾದ ಇವರು ಆರಂಭದಲ್ಲಿ ಗೋಡೆಗಳಿಗೆ ಸುಣ್ಣ ಬಳಿಯುವ ಕೂಲಿಯಾಗಿದ್ದರು. ಶಾಲೆಯೊಂದರ ಗೋಡೆಯ ಮೇಲೆ ಸರಸ್ವತಿಯ ಚಿತ್ರ ಬರೆದದ್ದು ಅವರ ಬಾಳಿನ ತಿರುವಾಯಿತು. ಮುಂದೆ ಚಂಡೀಗಢದಲ್ಲಿಯೂ ಅಹಮದಾಬಾದಿನಲ್ಲಿಯೂ ಕಲಾಶಿಕ್ಷಣ ಪಡೆದು ಮುಂಬಯಿಗೆ ಬಂದರು. ಹಿಂದೀ ಚಲಚ್ಚಿತ್ರಗಳಿಗೆ ಜನ್ಮ ಕೊಟ್ಟ ನಗರದಲ್ಲಿ ಅವುಗಳ ಗುರುತು ಬೀದಿಯಲ್ಲೆಲ್ಲಿಯೂ ಕಾಣದಿದ್ದುದು ಅವರಿಗೆ ಸೋಜಿಗವೆನಿಸಿತಂತೆ. 2012ರಲ್ಲಿ ‘ಬಾಲಿವುಡ್ ಆರ್ಟ್ ಪ್ರಾಜೆಕ್ಟ್’ ಎಂಬ ಹೆಸರಿನಲ್ಲಿ ಕೆಲಸಕ್ಕೆ ತೊಡಗಿ, 1953ರ ‘ಅನಾರ್ಕಲಿ’ ಚಿತ್ರದ ಭಿತ್ತಿಪತ್ರವನ್ನು ಚಾಪೆಲ್ ರೋಡಿನ ಗೋಡೆಯ ಮೇಲೆ ದೊಡ್ಡದಾಗಿ ಬರೆದರು. ಅಮಿತಾಭ್ ಬಚ್ಚನ್, ರಾಜೇಶ್ ಖನ್ನಾ ಮುಂತಾದವರು ಅನಂತರ ಬಾಂದ್ರಾದ ಗೋಡೆಗಳನ್ನೇರಿದರು.

ಸಿನಿಮಾದ ಪೋಸ್ಟರನ್ನು ಗೋಡೆಗೆ ಬರೆದರೆ ಅದು ಕಲೆಯೇ ಎಂದು ಕೇಳುವ ಹಿರಿಯರಿದ್ದಾರೆ. ಅವರಿಗೆ ನಮ್ಮ ಉತ್ತರವಿಷ್ಟೆ: ಎಂ. ಎಫ್. ಹುಸೇನರು ಹೊಟ್ಟೆಪಾಡಿಗಾಗಿ ಮೊದಲು ಬರೆದದ್ದು ಇದೇ ಮುಂಬಯಿಯ ಸಿನಿಮಾ ಫಲಕಗಳನ್ನು. ಯಂತ್ರದಲ್ಲಿ ಅಚ್ಚಾದ ಪ್ಲಾಸ್ಟಿಕ್ ಹಾಳೆಗಳು ಬಂದು ಆ ಕೈಕಸುಬುದಾರರ ಅನ್ನವನ್ನು ಕಸಿದುಕೊಂಡ ಬಳಿಕ, ಕುಂಚದಿಂದ ಬರೆದ ಕಣ್ಣು ಮೂಗುಗಳನ್ನು ಬೀದಿಯಲ್ಲಿ ಕಾಣುವುದೇ ಅಪರೂಪವಾಗಿದೆ. ಹೊಗಳಬೇಕೆಂಬ ಹಠವೇನೂ ನಮಗಿಲ್ಲ. ಬಾಂದ್ರಾದ ಗೋಡೆಗಳಲ್ಲಿ ಬರಿಯ ಬಣ್ಣ ಚೆಲ್ಲಿದಂತಿರುವ ಚಿತ್ರಗಳೂ ಇವೆ. ಚೆನ್ನಾದುದನ್ನೂ ಅಲ್ಲದುದನ್ನೂ ಬೇರ್ಪಡಿಸಿ ನೋಡುವುದರಲ್ಲಿಯೇ ಸುಖವಿದೆ.

ಇನ್ನೊಂದು ಚಿತ್ರದ ವಿಷಯವನ್ನು ಹೊಟೇಲು ಬಾಂಧವರಿಗೆ ವಿಶೇಷವಾಗಿ ಹೇಳಬೇಕಾಗಿದೆ. ಬಾಂದ್ರಾ ರೆಕ್ಲಮೇಶನ್ನಿನಲ್ಲಿರುವ ದೂರವಾಣಿ ಸಂಸ್ಥೆಯ ಎತ್ತರದ ಕಟ್ಟಡದ ಮೇಲೆ 2014ರಲ್ಲಿ ‘ಸ್ಟಾರ್ಟ್ ಇಂಡಿಯಾ’ ಸಂಸ್ಥೆಯ ಉತ್ಸವದ ಅಂಗವಾಗಿ ದಹಿಯಾ ಮತ್ತು ಸಂಗಡಿಗರು ದಾದಾಸಾಹೇಬ ಫಾಳ್ಕೆಯವರ ಭಾರೀ ಚಿತ್ರವೊಂದನ್ನು ಬರೆದರು. 1913ರಲ್ಲಿ ‘ರಾಜಾ ಹರಿಶ್ಚಂದ್ರ’ವನ್ನು ತೆರೆಗೆ ತಂದ ಫಾಳ್ಕೆಯವರನ್ನು ಬಲ್ಲದವರಿಲ್ಲ. ಆದರೆ ಆ ಚಿತ್ರದ ತಾರಾಮತಿ ಯಾರು? ಅಂದು ಸ್ತ್ರೀಯರಾರೂ ಕೆಮರಾದೆದುರು ನಿಲ್ಲಲು ಒಪ್ಪಲಿಲ್ಲ. ಅಲೆದಲೆದು ಬೇಸತ್ತ ಫಾಳ್ಕೆಯವರು ಗ್ರಾಂಟ್ ರೋಡಿನ ಹೊಟೇಲೊಂದರಲ್ಲಿ ಕುಳಿತಿದ್ದಾಗ, ಅಲ್ಲಿ ದುಡಿಯುತ್ತಿದ್ದ ತೆಳ್ಳನೆಯ ಮೈಕಟ್ಟಿನ, ನೀಳ ಬೆರಳುಗಳ ಯುವಕನೊಬ್ಬ ಅವರ ಕಣ್ಣಿಗೆ ಬಿದ್ದನು. ಹೆಸರು ಅಣ್ಣಾ ಸಾಳುಂಕೆ. ಹೊಟೇಲಿನಲ್ಲಿ ಅವನಿಗಿದ್ದ ಸಂಬಳ ತಿಂಗಳಿಗೆ 10 ರೂಪಾಯಿ. ಫಾಳ್ಕೆಯವರು 15 ರೂಪಾಯಿ ಕೊಡುತ್ತೇನೆಂದರು. ಹೀಗೆ ಭಾರತದ ಮೊದಲ ಕಥಾಚಿತ್ರದ ನಾಯಿಕೆಯು ಹೊಟೇಲಿನ ಅಡುಗೆಮನೆಯಿಂದ ಎದ್ದುಬಂದಳು! 1917ರ ‘ಲಂಕಾದಹನ’ದಲ್ಲಿ ಇದೇ ಸಾಳುಂಕೆ ರಾಮನೂ ಆದರು, ಸೀತೆಯೂ ಆದರು. ಯಕ್ಷಗಾನದ ಸ್ತ್ರೀವೇಷಗಳನ್ನು ನೋಡಿ ಬೆಳೆದ ನಮಗೆ ಇದರಲ್ಲಿ ಅಚ್ಚರಿಯಿಲ್ಲ, ಅಭಿಮಾನವಿದೆ. ಫಾಳ್ಕೆಯವರ ಮುಖ ಆ ಎತ್ತರಕ್ಕೇರಿತು. ಸಾಳುಂಕೆಯ ಮುಖಕ್ಕೂ ಬಾಂದ್ರಾದಲ್ಲಿ ಒಂದು ಗೋಡೆ ದೊರೆಯಲೆಂಬುದು ನಮ್ಮ ಆಶೆ.

ಬಣ್ಣದ ಚಿತ್ರಗಳಿಗಿಂತ ಬಹು ಹಿಂದಿನ ಬೀದಿಕಲೆಯೂ ಇಲ್ಲಿದೆ. ತಿರುವುಗಳಲ್ಲಿ, ಮನೆಗಳ ಅಂಗಳದಂಚಿನಲ್ಲಿ, ಕೆಲವೆಡೆ ರಸ್ತೆಯ ನಟ್ಟನಡುವೆಯೇ ನಿಂತಿರುವ ಶಿಲುಬೆಗಳನ್ನು ನೋಡಿರಿ. 1896ರಲ್ಲಿ ಮುಂಬಯಿಗೆ ಪ್ಲೇಗು ತಗಲಿ ಜನರು ತರಗೆಲೆಗಳಂತೆ ಉದುರಿದಾಗ, ಮಾರಿಯನ್ನು ತಡೆಯಲೆಂದು ಊರವರು ಕಟ್ಟಿಸಿದವು ಇವುಗಳಲ್ಲಿ ಅನೇಕ. ಕೆತ್ತನೆಯ ಪೀಠ, ಮೇಲೊಂದು ಮಾಲೆ, ಕೆಳಗೊಂದು ಮೇಣದ ಬತ್ತಿ. ನಮ್ಮ ಊರಿನ ದಾರಿಯಂಚಿನ ದೈವದ ಕಟ್ಟೆಗೂ ಇದಕ್ಕೂ ಭಾವದಲ್ಲಿ ಅಂತರವೆಷ್ಟು?

ಸಪ್ಟಂಬರ ತಿಂಗಳಿನಲ್ಲಿಯಂತೂ ಬಾಂದ್ರಾದ ತುಂಬ ಜಾತ್ರೆ. 8ನೆಯ ತಾರೀಕಿನ ಮಾತೆಯ ಜನ್ಮೋತ್ಸವದ ಬಳಿಕ ಬರುವ ಆದಿತ್ಯವಾರದಿಂದ ಒಂದು ವಾರ ಕಾಲ ಮೌಂಟ್ ಮೇರಿ ಗುಡ್ಡವನ್ನು ಜನಸಾಗರವೇ ಏರುತ್ತದೆ. ಮರಾಠಿಗರಿಗೆ ಈಕೆ ‘ಮೋತ್ ಮಾವಲಿ’. ಈಗಿನ ಇಗರ್ಜಿಯ ಕಟ್ಟಡ 1904ರಲ್ಲಿ ಪೂರ್ತಿಯಾದುದು. ಅದನ್ನು ಕಟ್ಟಿದ ಶಿಲ್ಪಿ ಪಾರಸಿಯವರು. ಮಾಹಿಮಿನಿಂದ ಬಾಂದ್ರಾಕ್ಕೆ ದೋಣಿಯಲ್ಲಿಯೇ ದಾಟಬೇಕಾಗಿದ್ದ ಕಾಲದಲ್ಲಿ ಆ ಖಾರಿಗೆ ಸೇತುಮಾರ್ಗ ಕಟ್ಟಲು ಹಣ ಕೊಟ್ಟವರೂ ಪಾರಸಿ ಮಹಿಳೆಯೇ: ಲೇಡಿ ಅವಾಬಾಯಿ ಜಮ್‌ಶೇಟ್‌ಜಿ. 1845ರಲ್ಲಿ ಆ ದಾರಿ ತೆರೆಯಿತು; ಇಂದಿಗೂ ನಮ್ಮ ಬಸ್ಸುಗಳು ಅದೇ ದಾರಿಯಲ್ಲಿ ಓಡುತ್ತವೆ. ಜಾತ್ರೆಗೆ ಬರುವವರಲ್ಲಿ ಹಿಂದೂಗಳೆಷ್ಟು, ಮುಸಲ್ಮಾನರೆಷ್ಟು ಎಂದು ಯಾರೂ ಎಣಿಸುವುದಿಲ್ಲ. ಕಾಲು ನೋವಿದ್ದವರು ಮೇಣದ ಕಾಲು, ಮಗು ಬೇಕಾದವರು ಮೇಣದ ಮಗು, ಚಾಳಿನ ಒಂದೇ ಕೋಣೆಯಲ್ಲಿ ಎಂಟು ಮಂದಿ ಇರುವವರು ಮೇಣದ ಮನೆ ಒಪ್ಪಿಸುವುದನ್ನು ಕಾಣಬಹುದು. ಕಾರ್ಕಳದ ಅತ್ತೂರು ಸಾಂತ್‌ಮಾರಿಗೆ ಹೋಗಿಬಂದವರಿಗೆ ಈ ದೃಶ್ಯ ಹೊಸತಲ್ಲ. ಕಡಲೆ, ಮಿಠಾಯಿ, ಆಟಿಕೆ, ತೊಟ್ಟಿಲು, ತಿರುಗು ಕುದುರೆ – ಮಕ್ಕಳನ್ನು ಕರೆದುಕೊಂಡು ಹೋಗುವವರು ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿರುವುದು ಕ್ಷೇಮ.

ಗುಡ್ಡದಿಂದ ಕೆಳಗಿಳಿದರೆ ಬ್ಯಾಂಡ್‌ಸ್ಟ್ಯಾಂಡಿನ ಕಡಲತಡಿ. ತಾರೆಯರ ಬಂಗಲೆಗಳ ಮುಂದೆ ಗುಂಪುಗೂಡುವವರು ಗುಂಪುಗೂಡಲಿ. ಕನ್ನಡಿಗರು ಇಲ್ಲಿ ಸ್ಮರಿಸಬೇಕಾದವರು ಯಶವಂತ ಚಿತ್ತಾಲರು. ಹನೇಹಳ್ಳಿಯಿಂದ ಬಂದು, ಕಾರಖಾನೆಯ ವೃತ್ತಿಯಲ್ಲಿದ್ದುಕೊಂಡೇ 1979ರಲ್ಲಿ ‘ಶಿಕಾರಿ’ಯಂಥ ಕಾದಂಬರಿಯನ್ನು ಕೊಟ್ಟ ಈ ಮಹನೀಯರ ಮನೆ ಇದ್ದುದು ಇದೇ ಬ್ಯಾಂಡ್‌ಸ್ಟ್ಯಾಂಡಿನಲ್ಲಿ. 2014ರಲ್ಲಿ ಅವರು ತೀರಿಕೊಂಡರು. ಅವರು ನೋಡುತ್ತಿದ್ದ ಕಡಲನ್ನು ನಾವೂ ನೋಡಬಹುದು; ಅದಕ್ಕೆ ಟಿಕೆಟಿಲ್ಲ.

ದಡದ ಕೊನೆಯಲ್ಲಿ 1640ರಲ್ಲಿ ಪೋರ್ತುಗೀಜರು ಕಟ್ಟಿದ ಕೋಟೆಯ ಅವಶೇಷವಿದೆ. ಹಡಗುಗಳಿಗೆ ಸಿಹಿನೀರು ದೊರೆಯುತ್ತಿದ್ದ ಬುಗ್ಗೆ ಇಲ್ಲಿದ್ದುದರಿಂದ ಅವರು ಇದನ್ನು ‘ಅಗ್ವಾದ’ ಎಂದರು. ಅದರ ಬದಿಯಲ್ಲಿ ಮೆಟ್ಟಿಲುಗಳ ಬಯಲು ರಂಗಮಂಟಪ. ಎದುರಿಗೆ ಸಮುದ್ರ, 2009ರಲ್ಲಿ ತೆರೆದ ಸಾಗರ ಸೇತುವೆ. ಸಂಗೀತ, ನೃತ್ಯಗಳಿಗೆ ಇದಕ್ಕಿಂತ ಸುಂದರವಾದ ಹಿನ್ನೆಲೆಯನ್ನು ಯಾವ ಪರದೆ ಬರೆಯುವವನೂ ಬರೆದುಕೊಡಲಾರ. ಬಾಂದ್ರಾ ನಿವಾಸಿಗಳು 2003ರಲ್ಲಿ ‘ಸೆಲೆಬ್ರೇಟ್ ಬಾಂದ್ರಾ’ ಎಂಬ ಉತ್ಸವವನ್ನು ಆರಂಭಿಸಿದಾಗಿನಿಂದ ಇಂಥ ಬಯಲು ತಾಣಗಳ ಬೆಲೆ ಜನರಿಗೆ ಅರಿವಾಯಿತು. ಈ ಮಂಟಪವನ್ನು ಕಂಡಾಗಲೆಲ್ಲ ನಮಗೆ ಒಂದು ವಿಚಾರ ಹೊಳೆಯುತ್ತದೆ. ಪತ್ತನಾಜೆ ಕಳೆದು ಗೆಜ್ಜೆ ಬಿಚ್ಚಿದ ಮೇಲೆ ನಮ್ಮ ಕಲಾವಿದರು ಮಳೆಗಾಲದಲ್ಲಿ ಮುಂಬಯಿಗೆ ಬರುತ್ತಾರೆ. ನಾವು ಅವರನ್ನು ಸಭಾಗೃಹಗಳಲ್ಲಿ ಕೂಡಿಸಿ, ನಾವೇ ಆಡಿಸಿ, ನಾವೇ ನೋಡಿ, ನಾವೇ ಹಾರ ಹಾಕಿ ಕಳುಹಿಸಿಕೊಡುತ್ತೇವೆ. ಪಕ್ಕದ ಮನೆಯ ಗೋವನ್ನನಿಗಾಗಲಿ ಗುಜರಾತಿಗಾಗಲಿ ಚೆಂಡೆಯ ಸದ್ದು ಮಾತ್ರ ಕೇಳಿಸುತ್ತದೆ. ದೀಪಾವಳಿಯ ನಂತರದ ಒಂದು ತಂಪು ಸಂಜೆ ಈ ಕಡಲಿನೆದುರು ಬಡಗುತಿಟ್ಟಿನದೊಂದು ಪ್ರಸಂಗ ನಡೆಯಬಾರದೇಕೆ? ರಾತ್ರಿ ಹತ್ತರ ಮೇಲೆ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂಬ ನಿಯಮವಿದೆ, ನಿಜ. ಆದರೆ ಕಾಲಮಿತಿಯ ಆಟ ನಮ್ಮವರಿಗೆ ಈಗ ರೂಢಿಯಾಗಿಯೇ ಇದೆಯಷ್ಟೆ. ಬೀದಿಯ ಕಲೆಯನ್ನು ನೋಡುವವರಾದರೆ ಸಾಲದು, ನೀಡುವವರೂ ಆಗಬೇಡವೆ? ನಮ್ಮ ಸಂಘಸಂಸ್ಥೆಗಳ ಪದಾಧಿಕಾರಿಗಳು ಈ ಬಗ್ಗೆ ಯೋಚಿಸುವುದು ಒಳ್ಳೆಯದು.

ಬಾಂದ್ರಾದ ಎಲ್ಲೆ ದಾಟಿ ಹೋಗುವ ಉಮೇದಿದ್ದವರು ಚರ್ಚ್‌ಗೇಟಿನ ಗಾಡಿ ಹತ್ತಬಹುದು. ಕಾಲಾಘೋಡಾದಲ್ಲಿ 1999ರಿಂದ ಚಳಿಗಾಲದ ಕೊನೆಗೆ ಕಲೋತ್ಸವ ನಡೆಯುತ್ತ ಬಂದಿದೆ. ರಸ್ತೆಯೇ ಅದರ ಪ್ರದರ್ಶನ ಶಾಲೆ. ಅಲ್ಲಿಯೇ ಇರುವ ಜಹಾಂಗೀರ್ ಕಲಾಶಾಲೆಯ ಗಾಜಿನ ಬಾಗಿಲನ್ನು ಕಂಡು ಹಿಂದೆ ಸರಿಯುವ ನಮ್ಮ ಹುಡುಗರಿಗೆ ಒಂದು ಮಾತು ಹೇಳಬೇಕು. 1952ರಲ್ಲಿ ಆ ಶಾಲೆ ತಲೆಯೆತ್ತಲು ಸರ್ ಕಾವಸ್‌ಜಿ ಜಹಾಂಗೀರರನ್ನು ಪ್ರೇರೇಪಿಸಿದವರಲ್ಲಿ ವಿಜ್ಞಾನಿ ಹೋಮಿ ಭಾಭಾ ಒಬ್ಬರು, ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು ಮತ್ತೊಬ್ಬರು. ರೇಖೆಯ ಲಯವನ್ನು ಅರಿಯಲು ಕಥಕ್ ನೃತ್ಯವನ್ನೇ ಅಭ್ಯಸಿಸಿದ ಕಲಾವಿದರು ಅವರು. ನಮ್ಮ ಊರಿನವರೊಬ್ಬರು ಕೇಳಿ ತೆರೆಸಿದ ಬಾಗಿಲು ಅದು. ಒಳಗೆ ಹೋಗಲು ಹಣವನ್ನೂ ಕೇಳುವುದಿಲ್ಲ, ಇಸ್ತ್ರಿ ಮಾಡಿದ ಅಂಗಿಯನ್ನೂ ಕೇಳುವುದಿಲ್ಲ.

ಆದರೆ ಮೊದಲು ಚಾಪೆಲ್ ರೋಡಿಗೇ ಹೋಗುವುದು ಮೇಲು. ಜಹಾಂಗೀರ್ ಅಲ್ಲಿಯೇ ಇರುತ್ತದೆ. ಗೋಡೆಯ ಚಿತ್ರಕ್ಕೆ ಗೋಡೆಯಷ್ಟೇ ಆಯುಷ್ಯ. ಬಾಂದ್ರಾದ ಹಳೆಯ ಮನೆಗಳು ಒಂದೊಂದಾಗಿ ಉರುಳುತ್ತಿವೆ, ಅವುಗಳಿದ್ದ ಕಡೆ ಗಗನಚುಂಬಿ ಕಟ್ಟಡಗಳು ಏಳುತ್ತಿವೆ. ಮನೆ ಬಿದ್ದ ದಿನ ಚಿತ್ರವೂ ಮಣ್ಣುಪಾಲು. ಮಳೆ, ಹೊಸ ಸುಣ್ಣ, ಚುನಾವಣೆಯ ಭಿತ್ತಿಪತ್ರಗಳು ಉಳಿದುದನ್ನು ನೋಡಿಕೊಳ್ಳುತ್ತವೆ. ಮೇಲೆ ಹೇಳಿದ ಚಿತ್ರಗಳಲ್ಲಿ ಎಷ್ಟು ಉಳಿದಿರುತ್ತವೆ, ಎಷ್ಟು ಹೊಸತಾಗಿ ಬಂದಿರುತ್ತವೆ ಎಂಬುದನ್ನು ಹೋದವರೇ ಎಣಿಸಬೇಕು. ಮೂರು ಗಂಟೆಗೆ ಹೊರಟರೆ ಚಾಪೆಲ್ ರೋಡ್ ನೋಡಿ, ಬ್ಯಾಂಡ್‌ಸ್ಟ್ಯಾಂಡಿನಲ್ಲಿ ಸ್ವಲ್ಪ ಹೊತ್ತು ಕುಳಿತು, ಸಂಜೆಯ ಕಾವಲಿ ಕಾಯುವುದರೊಳಗೆ ಹೊಟೇಲು ಸೇರಬಹುದು. ಗುಮಾಸ್ತರಿಗೆ ಆದಿತ್ಯವಾರದ ಮುಂಜಾನೆ ಪ್ರಶಸ್ತ. ಆ ಹೊತ್ತಿನಲ್ಲಿ ಗೋಡೆಗಳ ಮುಂದೆ ಮೋಟಾರುಗಳು ಕಡಿಮೆ ನಿಂತಿರುತ್ತವೆ.