ಒಂದು ಅಕ್ಷರದ ತಪ್ಪು

'ತಾಯಿಯಂತೆ ಮಗಳು, ನೂಲಿನಂತೆ ಸೀರೆ' ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ತೊಟ್ಟಿಲಲ್ಲಿ ಮಲಗಿದ ಕೂಸನ್ನು ನೋಡಲು ಬಂದ ನೆಂಟರಿಷ್ಟರು 'ಮೂಗು ಅಜ್ಜಿಯದು, ಹಣೆ ತಂದೆಯದು' ಎಂದು ಪಾಲು ಹಂಚುವುದನ್ನು ನಾವೆಲ್ಲರೂ ಕಂಡಿದ್ದೇವೆ. ಹೊಲ, ಮನೆ, ಒಡವೆಗಳು ಪತ್ರದ ಮೂಲಕ ಮಕ್ಕಳಿಗೆ ಸಲ್ಲುತ್ತವೆ. ಆದರೆ ಈ ಮೂಗು ಹಣೆಗಳ ಪತ್ರವು ಎಲ್ಲಿದೆ? ಅದು ಯಾವ ಲಿಪಿಯಲ್ಲಿದೆ? ರೂಪು ಲಾವಣ್ಯಗಳು ಬರುವ ದಾರಿಯಲ್ಲಿಯೇ ರೋಗವೂ ಬರಬಹುದೆ? ಬಂದರೆ ಅದಕ್ಕೆ ಹೊಣೆ ಯಾರು? ಈ ಪ್ರಶ್ನೆಗಳಿಗೆ ಜೀವವಿಜ್ಞಾನವು ಕೊಟ್ಟಿರುವ ಉತ್ತರವನ್ನು ಒಂದು ರೋಗದ ಕಥೆಯ ಮೂಲಕ ತಿಳಿಯಲು ಯತ್ನಿಸೋಣ.

1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ವಿಜ್ಞಾನಿಯು ಬೆಂಡಿನ ತೆಳುವಾದ ಹೋಳೊಂದನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ನೋಡಿದನು. ಜೇನುಹುಟ್ಟಿನ ಕಣ್ಣುಗಳಂತೆ ಸಾಲುಸಾಲಾಗಿ ಜೋಡಿಸಿದ ಪುಟ್ಟ ಕೋಣೆಗಳು ಅವನಿಗೆ ಗೋಚರಿಸಿದವು. ಅವನು ಕಂಡದ್ದು ಸತ್ತ ಕೋಶಗಳ ಗೋಡೆಗಳನ್ನು ಮಾತ್ರ. ಆದರೂ ಜೀವಕೋಶವೆಂಬ ಕಲ್ಪನೆಗೆ ಅಂದು ಹೆಸರು ದೊರೆಯಿತು. ಗಿಡವಾಗಲಿ, ಪ್ರಾಣಿಯಾಗಲಿ, ಮನುಷ್ಯನಾಗಲಿ ಜೀವಕೋಶಗಳಿಂದ ಕಟ್ಟಲ್ಪಟ್ಟ ಸೌಧವೆಂಬುದು ಕ್ರಮೇಣ ಸ್ಥಿರಪಟ್ಟಿತು. ನಮ್ಮ ದೇಹದಲ್ಲಿ ಸುಮಾರು 30 ಲಕ್ಷ ಕೋಟಿ ಕೋಶಗಳಿವೆಯೆಂದು ಅಂದಾಜು. ಬಹುತೇಕ ಬಗೆಯ ಕೋಶಗಳ ನಡುವೆ ಕೋಶಕೇಂದ್ರವಿದೆ. ಅದರೊಳಗೆ 23 ಜೊತೆ, ಎಂದರೆ 46 ವರ್ಣತಂತುಗಳಿವೆ. ಪ್ರತಿ ಜೊತೆಯಲ್ಲಿ ಒಂದು ತಂದೆಯಿಂದ ಬಂದದ್ದು, ಇನ್ನೊಂದು ತಾಯಿಯಿಂದ ಬಂದದ್ದು. ನಾವು ಅರಸುತ್ತಿರುವ ಪತ್ರವು ಇರುವುದು ಇಲ್ಲಿಯೇ.

ಆ ಪತ್ರದ ಕಾನೂನನ್ನು ಮೊದಲು ಅರಿತವನು ವರ್ಣತಂತುಗಳನ್ನು ಕಣ್ಣಾರೆ ಕಂಡವನಲ್ಲ. ಈಗ ಚೆಕ್ ಗಣರಾಜ್ಯದಲ್ಲಿರುವ ಬ್ರನೋ ನಗರದ ಕ್ರೈಸ್ತ ಮಠದಲ್ಲಿ ಗ್ರೆಗೊರ್ ಮೆಂಡೆಲ್ ಎಂಬ ಸಂನ್ಯಾಸಿಯಿದ್ದನು. 1856ರಿಂದ ಸುಮಾರು ಎಂಟು ವರ್ಷಗಳ ಕಾಲ ಅವನು ಮಠದ ತೋಟದಲ್ಲಿ ಬಟಾಣಿ ಗಿಡಗಳನ್ನು ಬೆಳೆಸಿ, ಒಂದರ ಪರಾಗವನ್ನು ಇನ್ನೊಂದಕ್ಕೆ ಸೋಕಿಸಿ, ಹುಟ್ಟಿದ ಕಾಳುಗಳನ್ನು ಎಣಿಸುತ್ತ ಹೋದನು. ದುಂಡು ಕಾಳಿನ ತಳಿಯನ್ನು ಸುಕ್ಕು ಕಾಳಿನ ತಳಿಯೊಡನೆ ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿ ಸುಕ್ಕು ಕಾಳು ಒಂದೂ ಇರಲಿಲ್ಲ. ಅದು ಅಳಿದೇ ಹೋಯಿತೆನ್ನಬೇಕು. ಆದರೆ ಮರುಪೀಳಿಗೆಯಲ್ಲಿ ಅದು ಮತ್ತೆ ತಲೆಯೆತ್ತಿತು. 5,474 ದುಂಡು ಕಾಳುಗಳಿಗೆ 1,850 ಸುಕ್ಕು ಕಾಳುಗಳು. ಎಂದರೆ ಹೆಚ್ಚುಕಡಿಮೆ ಮೂರಕ್ಕೆ ಒಂದು. ಪ್ರತಿಯೊಂದು ಗುಣಕ್ಕೂ ಎರಡು ಅಂಶಗಳಿರುತ್ತವೆ, ಸಂತಾನಕ್ಕೆ ಅವುಗಳಲ್ಲಿ ಒಂದು ಮಾತ್ರ ಸಲ್ಲುತ್ತದೆ, ಪ್ರಬಲವಾದ ಅಂಶದ ಮರೆಯಲ್ಲಿ ದುರ್ಬಲವಾದುದು ಅಳಿಯದೆ ಅಡಗಿ ಕುಳಿತಿರುತ್ತದೆ ಎಂದು ಅವನು ತರ್ಕಿಸಿದನು. ಆ ಅಂಶಗಳನ್ನೇ ನಾವಿಂದು ವಂಶವಾಹಿಗಳೆಂದು ಕರೆಯುತ್ತೇವೆ. 1866ರಲ್ಲಿ ಅಚ್ಚಾದ ಅವನ ಪ್ರಬಂಧವನ್ನು ಲೋಕವು ಬಹುಕಾಲ ಲಕ್ಷಿಸಲಿಲ್ಲ. ಅವನು 1884ರಲ್ಲಿ ತೀರಿಕೊಂಡನು. 1900ರಲ್ಲಿ ವಿಜ್ಞಾನಿಗಳು ಅವನ ಮಹತ್ತ್ವವನ್ನು ಮನಗಂಡರು.

ಇನ್ನು ನಮ್ಮ ರೋಗದ ಕಥೆಗೆ ಬರೋಣ. 1904ರ ಕೊನೆಯಲ್ಲಿ ಅಮೆರಿಕದ ಶಿಕಾಗೋ ನಗರದ ಆಸ್ಪತ್ರೆಯೊಂದಕ್ಕೆ ಒಬ್ಬ ತರುಣನು ಬಂದನು. ದಂತವೈದ್ಯವನ್ನು ಕಲಿಯಲೆಂದು ಗ್ರೆನಡಾ ದ್ವೀಪದಿಂದ ಬಂದಿದ್ದ ಆ ವಿದ್ಯಾರ್ಥಿಯು ರಕ್ತಹೀನತೆಯಿಂದ ಬಳಲುತ್ತಿದ್ದನು. ಅವನ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ ವೈದ್ಯರಿಗೆ ಸೋಜಿಗವು ಕಾದಿತ್ತು. ಸಾಮಾನ್ಯವಾಗಿ ಕೆಂಪು ರಕ್ತಕಣವು ನಡುವೆ ತಗ್ಗಾದ ದುಂಡು ಬಿಲ್ಲೆಯಂತಿರುತ್ತದೆ. ಈತನ ರಕ್ತದಲ್ಲಾದರೋ ಪೈರು ಕೊಯ್ಯುವ ಕುಡುಗೋಲಿನಂತೆ ಬಾಗಿದ ನೀಳ ಕಣಗಳಿದ್ದವು. ವೈದ್ಯರಾದ ಜೇಮ್ಸ್ ಹೆರಿಕ್ ಅವರು 1910ರಲ್ಲಿ ಈ ಸಂಗತಿಯನ್ನು ಪ್ರಕಟಿಸಿದರು. ಕುಡುಗೋಲು ಕಣ ರೋಗಕ್ಕೆ ಆ ಹೆಸರು ಬಂದುದು ಹೀಗೆ.

ಕಣದ ಆಕಾರ ಕೆಟ್ಟರೆ ಆಗುವ ನಷ್ಟವಾದರೂ ಏನು? ದುಂಡಾದ ಕಣವು ಮೃದುವಾದುದು. ಕೂದಲಿಗಿಂತ ಸಪುರವಾದ ನಾಳಗಳಲ್ಲಿಯೂ ಮೈಯನ್ನು ಬಳುಕಿಸಿ ನುಸುಳಿ ಹೋಗುತ್ತದೆ. ಕುಡುಗೋಲಿನ ಆಕಾರದ ಕಣವು ಬಿರುಸಾದುದು. ಹೊಳೆಯ ಇಕ್ಕಟ್ಟಿನಲ್ಲಿ ಕಟ್ಟಿಗೆಗಳು ಅಡ್ಡವಾಗಿ ಸಿಕ್ಕಿ ನೀರನ್ನು ತಡೆಯುವಂತೆ ಇವು ಒಂದಕ್ಕೊಂದು ತೊಡರಿ ರಕ್ತದ ಹರಿವನ್ನು ತಡೆಯುತ್ತವೆ. ಆಮ್ಲಜನಕವು ತಲುಪದ ಅಂಗವು ನರಳುತ್ತದೆ. ಕೈಕಾಲು, ಎದೆ, ಬೆನ್ನುಗಳಲ್ಲಿ ಸಹಿಸಲಾಗದ ನೋವು ಮರುಕಳಿಸುತ್ತದೆ. ಆರೋಗ್ಯವಂತನ ಕೆಂಪು ಕಣವು ಸುಮಾರು 120 ದಿನ ಬಾಳಿದರೆ, ಕುಡುಗೋಲು ಕಣವು ಹತ್ತರಿಂದ ಇಪ್ಪತ್ತು ದಿನಗಳಲ್ಲಿ ಅಳಿಯುತ್ತದೆ. ಆದುದರಿಂದಲೇ ರೋಗಿಯನ್ನು ರಕ್ತಹೀನತೆಯು ಎಡೆಬಿಡದೆ ಕಾಡುತ್ತದೆ.

ಕಣವು ಬಾಗಲು ಕಾರಣವೇನು? ರಕ್ತಕ್ಕೆ ಕೆಂಪು ಬಣ್ಣವನ್ನು ಕೊಟ್ಟು ಆಮ್ಲಜನಕವನ್ನು ಹೊತ್ತೊಯ್ಯುವ ಪ್ರೋಟೀನಿಗೆ ಹಿಮೋಗ್ಲೋಬಿನ್ ಎಂದು ಹೆಸರು. ರೋಗಿಗಳ ಹಿಮೋಗ್ಲೋಬಿನ್ನಿನ ವಿದ್ಯುದ್ಗುಣವು ಇತರರದಕ್ಕಿಂತ ಭಿನ್ನವಾಗಿದೆಯೆಂದು ಲೈನಸ್ ಪಾಲಿಂಗ್ ಮತ್ತು ಅವರ ಸಂಗಡಿಗರು 1949ರಲ್ಲಿ ತೋರಿಸಿದರು. ಆ ಭೇದವು ಯಾವ ಎಡೆಯಲ್ಲಿದೆ ಎಂಬುದನ್ನು ಕೇಂಬ್ರಿಡ್ಜಿನ ವರ್ನನ್ ಇನ್‌ಗ್ರಾಂ 1956 ಮತ್ತು 1957ರಲ್ಲಿ ಪತ್ತೆಹಚ್ಚಿದರು. ಹಿಮೋಗ್ಲೋಬಿನ್ ಎಂಬುದು ನಾಲ್ಕು ಸರಪಳಿಗಳ ಕೂಟ. ಅವುಗಳಲ್ಲಿ ಬೀಟಾ ಎಂಬ ಸರಪಳಿಯು 146 ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಹಾರ. ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲವೆಂಬ ಮಣಿಯಿರಬೇಕು. ರೋಗಿಯಲ್ಲಿ ಅಲ್ಲಿ ವ್ಯಾಲಿನ್ ಎಂಬ ಬೇರೆ ಮಣಿಯಿದೆ. ಉಳಿದ 145 ಮಣಿಗಳೂ ಯಥಾಸ್ಥಿತಿಯಲ್ಲಿವೆ. ಈ ಒಂದು ವ್ಯತ್ಯಾಸದಿಂದ, ಆಮ್ಲಜನಕವನ್ನು ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಅಣುಗಳು ಒಂದಕ್ಕೊಂದು ಅಂಟಿ ಉದ್ದನೆಯ ಕಡ್ಡಿಗಳಾಗುತ್ತವೆ. ಒಳಗೆ ಕಡ್ಡಿ ಬೆಳೆದ ಕಣವು ಬಾಗದೆ ಗತ್ಯಂತರವಿಲ್ಲ.

ಇದರ ಮೂಲವು ವರ್ಣತಂತುವಿನಲ್ಲಿದೆ. ಪೀಳಿಗೆಯಿಂದ ಪೀಳಿಗೆಗೆ ಸಾಗುವ ಪತ್ರವನ್ನು ಬರೆದಿರುವುದು ಡಿ.ಎನ್.ಎ. ಎಂಬ ನೂಲಿನ ಮೇಲೆ. ಅದರ ರಚನೆಯನ್ನು ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ವಿವರಿಸಿದರು. ಆ ಲಿಪಿಯಲ್ಲಿ ಇರುವುದು ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳು. ಮೂರು ಮೂರು ಅಕ್ಷರಗಳ ಒಂದೊಂದು ಪದವು ಒಂದೊಂದು ಅಮೈನೋ ಆಮ್ಲವನ್ನು ಸೂಚಿಸುತ್ತದೆ. ಹನ್ನೊಂದನೆಯ ವರ್ಣತಂತುವಿನಲ್ಲಿ ಜಿ-ಎ-ಜಿ ಎಂದಿರಬೇಕಾದೆಡೆ ಜಿ-ಟಿ-ಜಿ ಎಂದಾಗಿರುವುದೇ ಈ ರೋಗದ ಬೀಜ. ಸುಮಾರು 300 ಕೋಟಿ ಅಕ್ಷರಗಳ ಗ್ರಂಥದಲ್ಲಿ ಒಂದೇ ಒಂದು ಅಕ್ಷರ! ಬಹುಕಾಲ ಮಕ್ಕಳ ಬರವಣಿಗೆಯನ್ನು ತಿದ್ದಿದ ನನಗೆ ಇದು ತೀರ ಅಪರಿಚಿತವಾದ ಸಂಗತಿಯೆಂದು ತೋರುವುದಿಲ್ಲ. 'ಹಾಲು' ಎಂದು ಬರೆಯಬೇಕಾದ ಹುಡುಗನು 'ಹಾಳು' ಎಂದು ಬರೆಯುತ್ತಾನೆ. ವ್ಯತ್ಯಾಸವು ಒಂದು ಅಕ್ಷರದ್ದು, ಅರ್ಥವೋ ಅಜಗಜಾಂತರ. ಆದರೆ ಹುಡುಗನ ತಪ್ಪನ್ನು ಕೆಂಪು ಶಾಯಿಯಿಂದ ತಿದ್ದಬಹುದು. ಕೋಶದ ಬರಹವನ್ನು ಅಷ್ಟು ಸುಲಭವಾಗಿ ತಿದ್ದಲಾಗದು.

ಈ ಬರಹವು ಮಕ್ಕಳಿಗೆ ಸಲ್ಲುವ ಬಗೆಯು ಮೆಂಡೆಲನ ಕಾಳುಗಳ ಬಗೆಯೇ ಆಗಿದೆಯೆಂದು 1949ರಲ್ಲಿ ಜೇಮ್ಸ್ ನೀಲ್ ತೋರಿಸಿಕೊಟ್ಟರು. ಎರಡು ಪ್ರತಿಗಳಲ್ಲಿ ಒಂದು ಮಾತ್ರ ದೋಷಯುಕ್ತವಾಗಿದ್ದರೆ ಆ ವ್ಯಕ್ತಿಯು ಸಾಮಾನ್ಯವಾಗಿ ಆರೋಗ್ಯದಿಂದಲೇ ಇರುತ್ತಾನೆ. ಅವನು ವಾಹಕನು ಮಾತ್ರ. ವಾಹಕರಾದ ಗಂಡುಹೆಣ್ಣುಗಳು ದಂಪತಿಗಳಾದಾಗ ಪ್ರತಿ ಮಗುವಿನ ವಿಷಯದಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ರೋಗ ಬರುವ ಸಂಭವ, ಎರಡು ಪಾಲು ವಾಹಕವಾಗುವ ಸಂಭವ, ಒಂದು ಪಾಲು ದೋಷದಿಂದ ಪೂರ್ಣವಾಗಿ ಮುಕ್ತವಾಗಿರುವ ಸಂಭವವಿರುತ್ತದೆ. ಒಂದು ಮಗುವಿಗೆ ರೋಗ ಬಂದಿತು, ಇನ್ನು ಮೂರು ಮಕ್ಕಳಿಗೆ ಭಯವಿಲ್ಲ ಎಂದು ತಿಳಿಯುವುದು ತಪ್ಪು. ಚಿಮ್ಮಿದ ನಾಣ್ಯಕ್ಕೆ ಹಿಂದಿನ ಬಾರಿ ತಾನು ಹೇಗೆ ಬಿದ್ದೆನೆಂಬ ನೆನಪಿರುವುದಿಲ್ಲವಷ್ಟೆ?

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ರೋಗಿಷ್ಠ ಮಗು ಹುಟ್ಟಿದ ಮನೆಯಲ್ಲಿ ತಾಯಿಯ ಕಾಲ್ಗುಣವನ್ನು ಹಳಿಯುವುದು, ಶಾಪ ಪಾಪಗಳ ಮಾತನ್ನೆತ್ತುವುದು ನಮ್ಮ ಸಮಾಜದಲ್ಲಿ ಹೊಸದಲ್ಲ. ಈ ರೋಗಕ್ಕೆ ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ಪ್ರತಿಗಳೂ ಕೂಡಬೇಕು. ಅವರಿಬ್ಬರಾದರೂ ತಾವು ಅರಿಯದೆಯೇ ಪಡೆದುದನ್ನು ಅರಿಯದೆಯೇ ಕೊಟ್ಟವರು. ಅಕ್ಷರದ ತಪ್ಪು ಇದೆ, ಆದರೆ ತಪ್ಪಿತಸ್ಥರಿಲ್ಲ.

ಇಷ್ಟು ಕ್ರೂರವಾದ ದೋಷವು ಸಾವಿರಾರು ವರ್ಷಗಳಲ್ಲಿ ಅಳಿದುಹೋಗಬೇಕಿತ್ತಲ್ಲವೆ? ಇದಕ್ಕೆ ಉತ್ತರವನ್ನು 1954ರಲ್ಲಿ ಆಂಟನಿ ಆಲಿಸನ್ ನೀಡಿದರು. ಪೂರ್ವ ಆಫ್ರಿಕದಲ್ಲಿ ಮಲೇರಿಯ ಹೆಚ್ಚಾಗಿದ್ದ ಪ್ರದೇಶಗಳಲ್ಲಿಯೇ ಈ ವಂಶವಾಹಿಯೂ ಹೆಚ್ಚಾಗಿರುವುದನ್ನು ಅವರು ಕಂಡರು. ಒಂದೇ ಪ್ರತಿಯನ್ನು ಹೊತ್ತ ವಾಹಕರಿಗೆ ಉಗ್ರವಾದ ಮಲೇರಿಯದಿಂದ ರಕ್ಷಣೆ ದೊರೆಯುತ್ತದೆ. ಅದರಿಂದಾಗಿ ಸೊಳ್ಳೆಗಳ ನಾಡಿನಲ್ಲಿ ವಾಹಕರು ಬದುಕುಳಿದರು. ಅವರೊಡನೆ ಆ ಅಕ್ಷರವೂ ಉಳಿಯಿತು. ಒಂದು ಪ್ರತಿಯಾದರೆ ಕವಚ, ಎರಡಾದರೆ ಕತ್ತಿ! ನಿಸರ್ಗದ ಬರಹದಲ್ಲಿ ಯಾವುದು ತಪ್ಪು, ಯಾವುದು ಸರಿ ಎಂದು ನಿರ್ಣಯಿಸುವುದು ನಾವು ಎಣಿಸಿದಷ್ಟು ಸರಳವಲ್ಲ.

ಈ ರೋಗವು ದೂರದ ನಾಡಿನದು ಎಂದು ನಾವು ನಿಶ್ಚಿಂತರಾಗುವಂತಿಲ್ಲ. 1952ರಲ್ಲಿ ನೀಲಗಿರಿಯ ಬೆಟ್ಟಗಳ ಬುಡಕಟ್ಟು ಜನರಲ್ಲಿ ಇದು ಕಂಡುಬಂದಿತು. ಆಮೇಲೆ ಮಧ್ಯಭಾರತದ ಅನೇಕ ಬುಡಕಟ್ಟುಗಳಲ್ಲಿಯೂ, ನಮ್ಮ ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಗಿರಿಜನರಲ್ಲಿಯೂ ಕಾಣಿಸಿತು. 2023ರ ಜುಲೈ 1ರಂದು ಭಾರತ ಸರ್ಕಾರವು ಈ ರೋಗದ ನಿರ್ಮೂಲನಕ್ಕಾಗಿ ರಾಷ್ಟ್ರೀಯ ಅಭಿಯಾನವೊಂದನ್ನು ಆರಂಭಿಸಿತು. 40 ವರ್ಷದೊಳಗಿನ ಏಳು ಕೋಟಿ ಜನರ ರಕ್ತವನ್ನು ಪರೀಕ್ಷಿಸುವುದು, 2047ರೊಳಗೆ ರೋಗವನ್ನು ತೊಡೆದುಹಾಕುವುದು ಅದರ ಗುರಿ. ವಾಹಕರು ಯಾರೆಂಬುದು ವಿವಾಹಕ್ಕೆ ಮೊದಲೇ ತಿಳಿದರೆ ದಂಪತಿಗಳು ವೈದ್ಯರ ಸಲಹೆಯನ್ನು ಪಡೆದು ವಿವೇಚಿಸಬಹುದು. ಬೆರಳ ತುದಿಯ ಒಂದು ಹನಿ ರಕ್ತದಿಂದ ಪರೀಕ್ಷೆಯನ್ನು ಮೊದಲುಮಾಡಬಹುದು.

ಚಿಕಿತ್ಸೆಯೂ ಮುಂದುವರಿದಿದೆ. ನೋವಿನ ಮರುಕಳಿಕೆಯನ್ನು ತಗ್ಗಿಸುವ ಹೈಡ್ರಾಕ್ಸಿಯೂರಿಯ ಎಂಬ ಔಷಧವಿದೆ. 2023ರಲ್ಲಿ ಬ್ರಿಟನ್ ಮತ್ತು ಅಮೆರಿಕಗಳು ವಂಶವಾಹಿಯ ಬರಹವನ್ನೇ ತಿದ್ದುವ ಚಿಕಿತ್ಸೆಗೆ ಒಪ್ಪಿಗೆಯಿತ್ತವು. ಅದರ ಉಪಾಯವು ರಮ್ಯವಾದುದು. ಗರ್ಭದಲ್ಲಿರುವ ಶಿಶುವಿಗೆ ಬೇರೊಂದು ಬಗೆಯ ಹಿಮೋಗ್ಲೋಬಿನ್ ಇರುತ್ತದೆ. ಹುಟ್ಟಿದ ಕೆಲವು ತಿಂಗಳುಗಳಲ್ಲಿ ಅದರ ತಯಾರಿಕೆಯು ಬಹುಮಟ್ಟಿಗೆ ನಿಂತುಹೋಗುತ್ತದೆ. ಕೆಟ್ಟ ಅಕ್ಷರವನ್ನು ಮುಟ್ಟದೆ, ಮುಚ್ಚಿಹೋದ ಆ ಹಳೆಯ ಪುಟವನ್ನು ಮತ್ತೆ ತೆರೆಯುವುದೇ ಈ ಚಿಕಿತ್ಸೆ. ಆದರೆ ಅದರ ವೆಚ್ಚವು ಬಹು ಕೋಟಿ ರೂಪಾಯಿಗಳು. ಕಾಡಿನಂಚಿನ ಹಾಡಿಯ ಮಗುವಿಗೂ ಅದು ಎಟಕುವಂತಾಗುವುದು ವಿಜ್ಞಾನದ ಮುಂದಿರುವಷ್ಟೇ ಸಮಾಜದ ಮುಂದೆಯೂ ಇರುವ ಕಾರ್ಯ.

ಬೆಂಡಿನ ಹೋಳನ್ನು ನೋಡಿದ ಹುಕ್ ಆಗಲಿ, ಕಾಳನ್ನು ಎಣಿಸಿದ ಮೆಂಡೆಲ್ ಆಗಲಿ ಮುಂದೊಂದು ದಿನ ತಮ್ಮ ಶ್ರಮವು ಯಾವುದೋ ಹಾಡಿಯ ತಾಯಿಯ ತಲೆಯ ಮೇಲಿನ ನಿಂದೆಯನ್ನು ಇಳಿಸೀತೆಂದು ಎಣಿಸಿರಲಾರರು. ಅರಿವಿನ ಫಲವೆಂದರೆ ಇದೇ. ರೋಗಿಯನ್ನು ಕಂಡಾಗ ಹಳಿಯದೆ, ಹೆದರದೆ, ಕಾರಣವನ್ನು ತಿಳಿದು ಕೈನೀಡುವವನೇ ನಿಜವಾಗಿ ವಿದ್ಯಾವಂತನು.