ಲಾ ಕಾಲೇಜಿನ ಸೀಟಿಗೆ ಮುಂಗಡ ಕಟ್ಟುವ ಮುನ್ನ

ನಮ್ಮ ಅಬ್ಬಾ ಹುಣಸೆಹಣ್ಣಿನ ವ್ಯಾಪಾರಿ. ತುಮಕೂರಿನ ಸುತ್ತಮುತ್ತಲ ಹಳ್ಳಿಗಳಲ್ಲಿ ಕಾಯಿ ಮರದಲ್ಲಿರುವಾಗಲೇ ರೈತರಿಗೆ ಮುಂಗಡ ಕೊಟ್ಟು ಫಸಲು ಗೊತ್ತು ಮಾಡಿಕೊಳ್ಳುತ್ತಾರೆ. ಮನೆಯಲ್ಲಿ ನಾವು ಅದನ್ನು ಉರ್ದುವಿನಲ್ಲಿ ಬಯಾನಾ ಅನ್ನುತ್ತೇವೆ, ಕನ್ನಡದಲ್ಲಿ ಸಂಚಕಾರ. ಬಯಾನಾ ಕೊಟ್ಟವನು ಮರ ಬಿಟ್ಟರೆ ಹಣ ಹೋಯಿತು ಅಂತಲೇ ಲೆಕ್ಕ.

ಹಾಗಾಗಿ 2025ರ ಮಾರ್ಚ್‌ನಲ್ಲಿ ನಮ್ಮ ಆಪಾ 75,000 ರೂಪಾಯಿ ಕೇಳಿದಾಗ ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಒಂದು ಖಾಸಗಿ ವಿಶ್ವವಿದ್ಯಾಲಯ ಅವಳಿಗೆ ಐದು ವರ್ಷದ ಲಾ ಕೋರ್ಸಿನಲ್ಲಿ ಸೀಟು ಕೊಟ್ಟಿತ್ತು. ಹತ್ತು ದಿನದೊಳಗೆ ಹಣ ಕಟ್ಟಬೇಕಿತ್ತು. ಆದರೆ ಅವಳಿಗೆ ನಿಜವಾಗಿ ಬೇಕಿದ್ದದ್ದು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ಸೀಟು. ಅದರ ಪಟ್ಟಿ ಇನ್ನೂ ಬಂದಿರಲಿಲ್ಲ. "ಬಿಟ್ಟರೂ ಬಿಡಬಹುದು ಅನ್ನುವ ಸೀಟಿಗೆ ದುಡ್ಡು ಯಾಕೆ?" ಎಂದು ಅಬ್ಬಾ ಕೇಳಿದರು. ಅದು ಹುಣಸೆ ಸೀಸನ್‌ಗೆ ಇಟ್ಟಿದ್ದ ಹಣ.

ಈ ವರ್ಷ ಕ್ಲ್ಯಾಟ್ ಬರೆಯುವವರು ನಮ್ಮ ಕಾಲೇಜಿನಲ್ಲಿ ನನ್ನನ್ನೂ ಸೇರಿಸಿ ಕೆಲವರಿದ್ದೇವೆ. ಆಪಾಳಿಂದ ನಾನು ಕಲಿತದ್ದು ಎಲ್ಲರಿಗೂ ಉಪಯೋಗವಾಗಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಈ ಗೊಂದಲ ಯಾಕೆ ಬರುತ್ತದೆ? ಪಿಯುಸಿ ನಂತರ ಕಾನೂನು ಓದಲು ಮುಖ್ಯವಾಗಿ ಮೂರು ದಾರಿಗಳಿವೆ, ಮೂರರ ಸಮಯವೂ ಬೇರೆ ಬೇರೆ. ಒಂದು, ಕ್ಲ್ಯಾಟ್ ಮೂಲಕ ಬೆಂಗಳೂರಿನ ನಾಗರಭಾವಿಯಲ್ಲಿರುವ ನ್ಯಾಷನಲ್ ಲಾ ಸ್ಕೂಲ್‌ನಂಥ ರಾಷ್ಟ್ರೀಯ ಸಂಸ್ಥೆಗಳು. ಪರೀಕ್ಷೆ ಡಿಸೆಂಬರ್‌ನಲ್ಲಿ ನಡೆಯುತ್ತದೆ. ಎರಡು ಗಂಟೆ, 120 ಪ್ರಶ್ನೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಎರಡು, ಖಾಸಗಿ ವಿಶ್ವವಿದ್ಯಾಲಯಗಳು. ಇವುಗಳಲ್ಲಿ ಹಲವು ನಮ್ಮ ಪಿಯುಸಿ ಫಲಿತಾಂಶಕ್ಕೂ ಮೊದಲೇ ಪತ್ರ ಕಳಿಸಿ, ಕಡಿಮೆ ದಿನಗಳ ಗಡುವು ಕೊಡುತ್ತವೆ. ಮೂರು, ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳು. ಇಲ್ಲಿ ಪಿಯುಸಿ ಅಂಕ ಬಂದ ಮೇಲೆ ಪ್ರವೇಶ. ಸಾಮಾನ್ಯ ವರ್ಗಕ್ಕೆ ಕನಿಷ್ಠ ಶೇ. 45 ಅಂಕ ಬೇಕು.

ಆಪಾಳ ವರ್ಷ ಕಾಯುವುದು ಇನ್ನೂ ಉದ್ದವಾಯಿತು. ಪರೀಕ್ಷೆ ನಡೆದದ್ದು 2024ರ ಡಿಸೆಂಬರ್ 1ರಂದು. ಫಲಿತಾಂಶ ಅದೇ ತಿಂಗಳು ಬಂತು. ಆದರೆ ಕೆಲವು ಪ್ರಶ್ನೆಗಳ ಉತ್ತರ ತಪ್ಪು ಎಂದು ವಿದ್ಯಾರ್ಥಿಗಳು ಬೇರೆ ಬೇರೆ ಹೈಕೋರ್ಟುಗಳಿಗೆ ಹೋದರು. ಪ್ರಕರಣಗಳೆಲ್ಲ ದೆಹಲಿ ಹೈಕೋರ್ಟಿಗೆ ವರ್ಗವಾಗಿ, ಕೊನೆಗೆ ಸುಪ್ರೀಂ ಕೋರ್ಟ್ 2025ರ ಮೇ 7ರಂದು ತೀರ್ಪು ಕೊಟ್ಟ ಮೇಲಷ್ಟೇ ಸೀಟು ಹಂಚಿಕೆಗೆ ದಾರಿ ತೆರೆಯಿತು. ಐದು ತಿಂಗಳು ಅವಳು ಕೈಯಲ್ಲಿ ರ‍್ಯಾಂಕ್ ಇಟ್ಟುಕೊಂಡು ಸುಮ್ಮನೆ ಕೂತಿದ್ದಳು.

ಹಣ ಕಟ್ಟಬೇಕೋ ಬೇಡವೋ? ಆಪಾ ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿದಳು: ಕಟ್ಟುವ ಹಣ, ವಾಪಸ್ ಬರುವ ಹಣ, ಸೀಟು ಬಿಡಲು ಕೊನೆಯ ದಿನ. ಎರಡನೇ ಕಾಲಂ ತುಂಬಲು ಅವಳಿಗೆ ಸಿಕ್ಕಿದ್ದು ಯುಜಿಸಿಯ 2018ರ ಶುಲ್ಕ ಮರುಪಾವತಿ ನಿಯಮ. ಪ್ರವೇಶದ ಅಧಿಕೃತ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಸೀಟು ಬಿಟ್ಟರೆ ಶುಲ್ಕ ಪೂರ್ತಿ ವಾಪಸ್. ಅದರಲ್ಲಿ ಕಚೇರಿ ಖರ್ಚಿಗೆ ಶೇ. 5ರವರೆಗೆ, ಹೆಚ್ಚೆಂದರೆ 5,000 ರೂಪಾಯಿ ಹಿಡಿಯಬಹುದು. 15 ದಿನಕ್ಕಿಂತ ಕಡಿಮೆ ಉಳಿದಿದ್ದರೆ ಶೇ. 90. ಕೊನೆಯ ದಿನ ಕಳೆದು 15 ದಿನದೊಳಗೆ ಶೇ. 80, 16ರಿಂದ 30 ದಿನದೊಳಗೆ ಶೇ. 50. ಆಮೇಲೆ ಏನೂ ಇಲ್ಲ. ಮೂಲ ಅಂಕಪಟ್ಟಿಗಳನ್ನು ಕಾಲೇಜು ತನ್ನ ಬಳಿ ಇಟ್ಟುಕೊಳ್ಳುವಂತಿಲ್ಲ, ನೋಡಿ ವಾಪಸ್ ಕೊಡಬೇಕು. ಯುಜಿಸಿ ಕೆಲವು ವರ್ಷ ಇದಕ್ಕಿಂತ ಉದಾರವಾದ ಸುತ್ತೋಲೆಯನ್ನೂ ಹೊರಡಿಸಿದೆ. 2024-25ಕ್ಕೆ ಸೆಪ್ಟೆಂಬರ್ 30ರವರೆಗೆ ಪೂರ್ತಿ ಶುಲ್ಕ ವಾಪಸ್ ಎಂದಿತ್ತು. ಆದ್ದರಿಂದ ನಮ್ಮ ವರ್ಷದ ಸುತ್ತೋಲೆಯನ್ನು ನಾವೇ ನೋಡಿಕೊಳ್ಳಬೇಕು.

ಈ ಲೆಕ್ಕ ತೋರಿಸಿದ ಮೇಲೆ ಅಬ್ಬಾಗೆ ಹಣದ ಚಿಂತೆ ಕಡಿಮೆಯಾಯಿತು. ಆದರೆ ಇನ್ನೊಂದು ಚಿಂತೆ ಉಳಿಯಿತು. ಮಾತು ಕೊಟ್ಟು ತಪ್ಪುವುದು ಸರಿಯೇ? ಆಪಾಗೂ ಒಳಗೊಳಗೆ ಅದೇ ಅಳುಕಿತ್ತು. ಸ್ವಲ್ಪ ಯೋಚಿಸಿ ಅಬ್ಬಾನೇ ಹೇಳಿದರು: "ಬೇಟಾ, ಮರ ಬೇಡ ಅಂದರೆ ರೈತನಿಗೆ ಅವತ್ತೇ ಹೇಳಬೇಕು. ಅವನು ಇನ್ನೊಬ್ಬರಿಗೆ ಕೊಡುತ್ತಾನೆ. ಕಾಯಿ ಉದುರಿದ ಮೇಲೆ ಹೇಳಿದರೆ ಅದು ಮೋಸ." ಈ ಷರತ್ತಿನ ಮೇಲೆ ಹಣ ಕೊಟ್ಟರು.

ಕ್ಲ್ಯಾಟ್ ಕೌನ್ಸೆಲಿಂಗ್‌ಗೆ ಬೇರೆ ಶುಲ್ಕ ಇದೆ. ಆ ವರ್ಷ ಸಾಮಾನ್ಯ ವರ್ಗಕ್ಕೆ 30,000, ಮೀಸಲು ವರ್ಗಗಳಿಗೆ 20,000 ರೂಪಾಯಿ ಇತ್ತು. ಸೀಟು ಸಿಕ್ಕಾಗ ಮೂರು ಆಯ್ಕೆ ಬರುತ್ತವೆ. ಫ್ರೀಜ್ ಅಂದರೆ ಇದೇ ಸಾಕು. ಫ್ಲೋಟ್ ಅಂದರೆ ಇದು ಇರಲಿ, ಪಟ್ಟಿಯಲ್ಲಿ ನಾನು ಮೇಲೆ ಬರೆದ ಕಾಲೇಜು ಸಿಕ್ಕರೆ ಅಲ್ಲಿಗೆ ಹೋಗುತ್ತೇನೆ. ಎಕ್ಸಿಟ್ ಅಂದರೆ ಹೊರಗೆ. ಫ್ಲೋಟ್‌ನಲ್ಲಿ ಮೇಲಿನದು ಸಿಕ್ಕರೆ ಹಳೆಯ ಸೀಟು ತಾನಾಗಿ ರದ್ದಾಗುತ್ತದೆ, ಮತ್ತೆ ಅದನ್ನು ಕೇಳುವಂತಿಲ್ಲ. ಹಾಗಾಗಿ ನಿಜವಾಗಿ ಹೋಗುವ ಮನಸ್ಸಿರುವ ಕಾಲೇಜನ್ನು ಮಾತ್ರ ಮೇಲೆ ಬರೆಯಬೇಕು. ಗಡುವಿನೊಳಗೆ ಏನೂ ಆರಿಸದಿದ್ದರೆ ಸೀಟು ಹೋಗುತ್ತದೆ.

ಜೂನ್‌ನಲ್ಲಿ, ಎರಡನೇ ಪಟ್ಟಿಯಲ್ಲಿ ಆಪಾಗೆ ಸೀಟು ಬಂತು. ಅಮ್ಮಿ ಅಕ್ಕಪಕ್ಕದವರಿಗೆ ಸಿಹಿ ಹಂಚುತ್ತಿದ್ದರೆ ಆಪಾ ಒಳಗೆ ಕೂತು ಖಾಸಗಿ ವಿಶ್ವವಿದ್ಯಾಲಯಕ್ಕೆ ಸೀಟು ಬಿಡುವ ಇಮೇಲ್ ಬರೆಯುತ್ತಿದ್ದಳು. ಅಲ್ಲಿ ಪ್ರವೇಶಕ್ಕೆ ಕೊನೆಯ ದಿನ ಜುಲೈ 15 ಇತ್ತು. "ಕಟ್ಟಿದ ಹಣ ವಾಪಸ್ ಇಲ್ಲ" ಎಂದು ಉತ್ತರ ಬಂತು. ಅವಳು ಜಗಳವಾಡಲಿಲ್ಲ. ರಸೀದಿ, ತಾನು ಇಮೇಲ್ ಕಳಿಸಿದ ದಿನಾಂಕ ಮತ್ತು ಯುಜಿಸಿ ನಿಯಮದ ಪ್ರತಿಯನ್ನು ಸೇರಿಸಿ ಮತ್ತೆ ಬರೆದಳು. ಮೂರನೇ ಪತ್ರದ ನಂತರ ಆಗಸ್ಟ್‌ನಲ್ಲಿ 71,250 ರೂಪಾಯಿ ಖಾತೆಗೆ ಬಂತು. ಹಿಡಿದದ್ದು ಶೇ. 5, ಅಂದರೆ 3,750.

ಕಾಮರ್ಸ್‌ನವರ ಭಾಷೆಯಲ್ಲಿ ಹೇಳುವುದಾದರೆ, ಆ 3,750 ರೂಪಾಯಿ ಐದು ತಿಂಗಳು ನಿಶ್ಚಿಂತೆಯಿಂದ ಇರಲು ಕೊಟ್ಟ ವಿಮಾ ಕಂತು. ಆದರೆ 75,000 ಅಷ್ಟು ತಿಂಗಳು ವ್ಯಾಪಾರಕ್ಕೆ ಸಿಗಲಿಲ್ಲ. ಆ ಸೀಸನ್‌ನಲ್ಲಿ ಅಬ್ಬಾ ಎರಡು ತೋಪು ಬಿಟ್ಟುಕೊಟ್ಟರು. ಪುಸ್ತಕದಲ್ಲಿ ಅವಕಾಶ ವೆಚ್ಚ ಎಂದು ಓದಿದ್ದು ನನಗೆ ಅರ್ಥವಾದದ್ದು ಆಗಲೇ. ಇಷ್ಟು ಹಣ ಹೊಂದಿಸಲಾಗದ ಮನೆಗಳೂ ನಮ್ಮಲ್ಲಿವೆ. ಅವರು ಮುಂಗಡ ಕಟ್ಟದೆ, ಮೂರನೇ ದಾರಿಯನ್ನು ಭದ್ರವಾಗಿ ಇಟ್ಟುಕೊಂಡು ಕ್ಲ್ಯಾಟ್ ಪಟ್ಟಿಗೆ ಕಾಯಬಹುದು. ಅದರಲ್ಲಿ ಕೀಳರಿಮೆ ಬೇಕಿಲ್ಲ.

ಆ ನೋಟ್‌ಬುಕ್ ಈಗ ನನ್ನ ಬಳಿ ಇದೆ. ನನಗೂ ಅಂಥ ಪತ್ರ ಬಂದರೆ ಮೊದಲು ಬರೆದುಕೊಳ್ಳುವುದು ಮೂರನೇ ಕಾಲಂ. ಬೇಕಾದವರು ನಮ್ಮ ಕಾಲೇಜು ಗ್ರಂಥಾಲಯದಲ್ಲಿ ಇಟ್ಟಿರುವ ಅದರ ಜೆರಾಕ್ಸ್ ಪ್ರತಿ ನೋಡಬಹುದು.