ಜಕ್ಕೂರಿನಿಂದ ಒಂದು ಶೂನ್ಯ ಟಿಕೆಟ್

ಜಕ್ಕೂರು. ಒಂದು ಕಡೆ ಏರೋಡ್ರೋಮ್, ಇನ್ನೊಂದು ಕಡೆ ಕೆರೆ, ನಡುವೆ ಬಿಎಂಟಿಸಿ ಬಸ್ಸಿಗೆ ಕಾಯ್ತಿದ್ದೀರಿ. ಟ್ರಾನ್ಸ್‌ಜೆಂಡರ್ ಸಮುದಾಯದ ಸಮಾವೇಶಕ್ಕೆ ಗೆಳತಿ ಜೊತೆ ಹೊರಟಿದ್ದೀರಿ ಅಂದ್ಕೊಳ್ಳಿ. ನಿಮ್ಮ ಗೆಳತಿ ಟ್ರಾನ್ಸ್ ಮಹಿಳೆ. ಅವರಿಗೆ ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡಬೇಕು. 2023ರ ಜೂನ್ 11ರಂದು ಶುರುವಾದ, ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ಕೊಡುವ ಶಕ್ತಿ ಯೋಜನೆ ಅವರಿಗೂ ಇದೆ. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ!

ಸಭಾಂಗಣದಲ್ಲಿ ಮೊದಲ ಗೊಂದಲ: ಹೇಗೆ ಮಾತಾಡಿಸೋದು? ಇಂಗ್ಲಿಷಿನವರು ಎದೆಗೆ ಸರ್ವನಾಮದ ಬ್ಯಾಡ್ಜ್ ಸಿಕ್ಕಿಸ್ಕೋತಾರೆ. ನಮ್ಮ ಕಷ್ಟ ಇನ್ನೂ ಜಾಸ್ತಿ. ಬಂದನು, ಬಂದಳು ಅಂತ ಕ್ರಿಯಾಪದಕ್ಕೂ ಲಿಂಗ ಅಂಟಿಕೊಂಡಿದೆ. ಆದರೆ 'ಅವರು ಬಂದರು' ಇದೆಯಲ್ಲ! ಅತ್ತೆಗೂ ಅದೇ, ಮೇಷ್ಟ್ರಿಗೂ ಅದೇ. ಗೊತ್ತಿಲ್ಲದಾಗ ಅದನ್ನೇ ಬಳಸಿ. 'ಅವಳು' ಅನ್ನಿ ಅಂತ ಅವರೇ ಹೇಳಿದರೆ, ಅವಳು. ಹಳೇ ಹೆಸರು ಮಾತ್ರ ಕೆದಕಬೇಡಿ.

ಅಲ್ಲಿ ಬರೀ ಕಣ್ಣೀರ ಕಥೆ ಇರುತ್ತೆ ಅಂದ್ಕೊಂಡ್ರೆ ತಪ್ಪು. ಕೆಲಸ, ಬಾಡಿಗೆ ಮನೆ, ಮೀಸಲಾತಿ ಎಲ್ಲ ಚರ್ಚೆಗೆ ಬರುತ್ತೆ. 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇ 1 ಮೀಸಲಾತಿ ಕೊಟ್ಟ ದೇಶದ ಮೊದಲ ರಾಜ್ಯ ನಮ್ಮದು. ಸುಮ್ಮನೆ ಸಿಕ್ಕಿದ್ದಲ್ಲ, ಬೆಂಗಳೂರಿನ 'ಸಂಗಮ' ಸಂಸ್ಥೆ ಹೈಕೋರ್ಟ್ ಮೆಟ್ಟಿಲು ಹತ್ತಿತ್ತು.

ಮಿತ್ರರಾಗಿ ಹೋಗ್ತಿದ್ದೀರಾ? ಕೇಳದೆ ಫೋಟೊ ತೆಗೀಬೇಡಿ. ಮೈಕು ಅವರ ಕೈಲೇ ಇರಲಿ, ನೀವು ಹಿಂದಿನ ಸಾಲಲ್ಲಿ ಕೂತು ಕೇಳಿ.